ಅವಧೂತನ ಹೆಸರಿನ ರಕ್ತ

“ಗೋದಾ, ಇದು ಸಾರೋ, ಕೈ ತೊಳದ ನೀರೋ?”

“ಉಪ್ಪಿಲ್ಲದ ಸಾರು. ಸುಮ್ಕ ಉಣ್ರಿ.”

ಅವಧೂತ ತಟ್ಟೆಯನ್ನು ಮುಂದಕ್ಕೆ ದೂಡಿದ. ಐದು ದಿನವಾಯಿತು. ಪಲ್ಯಕ್ಕೆ ಉಪ್ಪಿಲ್ಲ, ಮಜ್ಜಿಗೆಗೂ ಇಲ್ಲ. ಶೇಂಗಾ ಚಟ್ನಿಯ ಡಬ್ಬಿಯನ್ನು ಗೋದಾ ಕಪಾಟಿನಲ್ಲಿಟ್ಟು, ತನ್ನ ಬಂಗಾರಕ್ಕೂ ಹಾಕದ ಕೀಲಿಯನ್ನು ಹಾಕಿದ್ದಳು. ಎಲ್ಲಕ್ಕೂ ಕಾರಣ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ರಿಪೋರ್ಟು. ಅದರಲ್ಲಿ ಅವನ ಹೆಸರು, ವಯಸ್ಸು ಅರವತ್ತೇಳು, ಕೆಳಗೆ ಗೋದಾ ಕೆಂಪು ಪೆನ್ನಿನಿಂದ ಮೂರು ಸಲ ಸುತ್ತು ಹಾಕಿದ ಒಂದು ಸಂಖ್ಯೆ: 1140. ಹೃದಯಕ್ಕೆ ಭಾರ ಹೆಚ್ಚಾದಾಗ ಅದು ರಕ್ತಕ್ಕೆ ಬಿಡುವ ಯಾವುದೋ ಅಂಶವಂತೆ. ನೂರಿಪ್ಪತ್ತೈದರೊಳಗೆ ಇರಬೇಕಾದದ್ದಂತೆ.

ಅದು ತನ್ನ ರಕ್ತವೇ ಅಲ್ಲ ಎಂದು ಹೆಂಡತಿಗೆ ಹೇಳುವ ಧೈರ್ಯ ಅವಧೂತನಿಗೆ ಇರಲಿಲ್ಲ.

ಯಾವ ಕಾಯಿಲೆಯೂ ಇಲ್ಲವೆಂದು ತಿರುಗಾಡಿಕೊಂಡಿರುವ ಜನರ ಹೃದಯ ನಿಜಕ್ಕೂ ಹೇಗಿದೆಯೆಂದು ನೋಡಲು ಒಂದು ಆಸ್ಪತ್ರೆಯವರು ಇವರಿರುವ ನಿಗಡಿ ಬಡಾವಣೆಯಲ್ಲಿ ಚೀಟಿ ಎತ್ತಿ ಹೆಸರು ಆರಿಸಿದ್ದರು. ಇವರ ವಸತಿ ಸೊಸೈಟಿಯಲ್ಲಿ ಬಂದದ್ದು ಅವಧೂತನ ಹೆಸರು. ಸೂಜಿ ಕಂಡರೆ ಕಣ್ಣಿಗೆ ಕತ್ತಲೆ ಬರುವ ಮನುಷ್ಯ ಅವನು. ಪಕ್ಕದ ಗಲ್ಲಿಯ ಗೆಳೆಯ ಬಾಳು ಎದೆ ತಟ್ಟಿಕೊಂಡಿದ್ದ. “ನಾ ಹೋಗ್ತೇನಲೇ. ಇದೇನ ಹೊಸಾದೇನು ನಮಗ?”

ಹೊಸದಲ್ಲ. ಆಕುರ್ಡಿಯ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಒಬ್ಬನಿಗೆ ತಡವಾದರೆ ಇನ್ನೊಬ್ಬ ಗೇಟಿನಲ್ಲಿ ಅವನ ಹಾಜರಿ ಕಾರ್ಡು ಒತ್ತಿದ್ದ. ಯಾಕೆ ಎಂದು ಕೇಳುವಂತಿರಲಿಲ್ಲ, ಒಲ್ಲೆ ಎನ್ನುವಂತಿರಲಿಲ್ಲ. ಬಾಳು ಅವಧೂತನ ಟೊಪ್ಪಿಗೆ ಹಾಕಿಕೊಂಡು, ಅವಧೂತನಂತೆಯೇ ಮೂಗಿನಲ್ಲಿ ಕೆಮ್ಮಿ, ಅವನ ಹೆಸರು ಹೇಳಿ ತೋಳು ಚಾಚಿ ಬಂದಿದ್ದ. ರಕ್ತ ಕೊಟ್ಟವರಿಗೆ ಕೊಡುವ ಬಾಳೆಹಣ್ಣನ್ನೂ ತಿಂದೇ ಬಂದಿದ್ದ.

ಸಂಜೆ ಚಹಾದ ಹೊತ್ತಿಗೆ ಮೆಟ್ಟಿಲ ಮೇಲೆ ಬಾಳುವಿನ ದನಿ ಕೇಳಿಸಿತು. ಆ ಕಟ್ಟಡಕ್ಕೆ ಲಿಫ್ಟಿಲ್ಲ. ಮೂರು ಮಹಡಿ ಹತ್ತುವಾಗ ಅವನು ಒಂದೊಂದು ಮಹಡಿಯಲ್ಲೂ ನಿಂತು ಅಲ್ಲಿಯವರ ಅಣಕ ಮಾಡುತ್ತಿದ್ದ. ಮೊದಲನೆಯದರಲ್ಲಿ, ನೀರು ಹಿಡಿತದಲ್ಲಿ ಬಳಸಿರೆಂದು ಮರಾಠಿಯಲ್ಲಿ ಗದರುವ ಸೊಸೈಟಿ ಸೆಕ್ರೆಟರಿ: “ಪಾಣೀ ಜಪೂನ್ ವಾಪರಾ ಹೋ!” ಎರಡನೆಯದರಲ್ಲಿ ಪಾಠಕ ಮಾಸ್ತರರ ಏಳು ಸೀನು. ದಿನಾಲೂ ಒಳಗೇ ಕೂತು ನಗುತ್ತಿದ್ದ ಅವಧೂತ ಈ ದಿನ ಬಾಗಿಲಿಗೆ ಬಂದು ಕೆಳಗೆ ಬಗ್ಗಿ ನೋಡಿದ.

ಬಾಳು ಮೆಟ್ಟಿಲ ಪಕ್ಕದ ಕಟಾಂಜನ ಹಿಡಿದು ಬಾಯಿ ತೆರೆದು ನಿಂತಿದ್ದ. ಹೆಗಲೆರಡೂ ಏರಿ ಇಳಿಯುತ್ತಿದ್ದವು. ಉಸಿರು ಮರಳಿದ ಮೇಲಷ್ಟೇ ಅವನ ಬಾಯಲ್ಲಿ ಮಾಸ್ತರರು ಸೀನಲು ಶುರುಮಾಡಿದರು.

“ಬಾಳ್ಯಾ,” ಹೊಸ್ತಿಲಲ್ಲೇ ಅವಧೂತ ಪಿಸುಗುಟ್ಟಿದ, “ಆ ರಿಪೋರ್ಟ್ ನಿಂದಲೇ.”

“ಮ್ಯಾಲೆ ಹೆಸರ ಯಾರದದ?”

“ನಂದು. ರಕ್ತ ನಿಂದು!”

“ಕಾರ್ಡ ನಾ ಒತ್ತಿದ್ರ ಹಾಜರಿ ಯಾರದಾಗ್ತಿತ್ತು? ನಿಂದು. ಹಂಗs ಇದು. ನನಗೇನ ಧಾಡಿ, ಗುಂಡಕಲ್ಲಿದ್ದಂಗ ಇದ್ದೇನಿ.” ಆಮೇಲೆ ಒಳಗೆ ಕೇಳಿಸುವ ಹಾಗೆ, “ವೈನೀ, ಇವಂಗ ಮುಂಜಾನೆ ಹಾಗಲಕಾಯಿ ರಸಾನೂ ಕುಡಸ್ರಿ!”

“ಚಲೋ ನೆನಪ ಮಾಡಿದ್ರಿ,” ಎಂದಳು ಗೋದಾ.

ಆಸ್ಪತ್ರೆಗೆ ನಡಿ ಎಂದು ನಾಲ್ಕು ದಿನ ಅವಧೂತ ಬಾಳುವಿನ ಬೆನ್ನು ಬಿಡಲಿಲ್ಲ. ಒಂದು ದಿನ ಬಾಳು ಅವರ ಮಷಿನ್ನೇ ಕೆಟ್ಟಿದೆ ಎಂದ. ಇನ್ನೊಂದು ದಿನ ಗುರುವಾರ, ಆಸ್ಪತ್ರೆಗೆ ಕಾಲಿಡುವುದಿಲ್ಲ ಎಂದ. ಮರುದಿನ ದವಾಖಾನೆಯ ಹೆಸರೆತ್ತಿದ್ದಕ್ಕೇ ಸಿಟ್ಟು ಮಾಡಿಕೊಂಡು ಚಹಾ ಅರ್ಧಕ್ಕೆ ಬಿಟ್ಟು ಹೋದ. ಇತ್ತ ಬೆಳಿಗ್ಗೆ ಹಾಗಲಕಾಯಿ ರಸ, ಮಧ್ಯಾಹ್ನ ಸಪ್ಪೆ ಸಾರು. ಅವಧೂತನಿಗೆ ಯಾರ ತಲೆ ಚಚ್ಚಬೇಕೋ ತಿಳಿಯದಾಯಿತು.

ಕೊನೆಗೆ ಒಬ್ಬನೇ ಆಸ್ಪತ್ರೆಗೆ ಹೋಗಿ ಅಲ್ಲಿಯ ಡಾಕ್ಟರ್ ನೀಲಿಮಾಗೆ ಎಲ್ಲವನ್ನೂ ಒಪ್ಪಿಸಿದ. ಮೈಸೂರು ಕಡೆಯ ಹುಡುಗಿ. ಹಣೆ ಹಿಡಿದುಕೊಂಡು ಕೂತಳು.

“ಅಂಕಲ್, ಇದೇನು ಕಾಲೇಜ್ ಅಟೆಂಡೆನ್ಸಾ? ಯಾರದೋ ಬ್ಲಡ್, ಯಾರದೋ ಹೆಸರು! ನಿಮ್ ಫ್ರೆಂಡ್ ಹಾರ್ಟ್ ಕಷ್ಟ ಪಡ್ತಿರೋ ಹಾಗಿದೆ. ಎಕೋ ಮಾಡಿ ನೋಡ್ಲೇಬೇಕು. ಬೇಗ ಕರ್ಕೊಂಡ್ ಬನ್ನಿ.”

“ಅಂವಾ ಬರಂಗಿಲ್ರಿ, ಡಾಕ್ಟರಬಾಯಿ.” ಅವಧೂತ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. “ನನ್ನ ಹೆಸರಿನ್ಯಾಗ ಬಂದ್ರೂ ಬರಬಹುದು ನೋಡ್ರಿ.”

“ಹೆಂಗಾದ್ರೂ ಬರ್ಲಿ. ಫೈಲ್ ಮಾತ್ರ ಅವರ ಹೆಸರಲ್ಲೇ ಮಾಡ್ತೀನಿ. ಈಗ ನೀವು ಅಂಗಿ ತೋಳು ಮೇಲಕ್ಕೆ ಮಡಚಿ. ಅವತ್ತು ತಪ್ಪಿಸಿಕೊಂಡದ್ದು ಇವತ್ತು.”

ಸೂಜಿ ಹೊರಬರುವವರೆಗೂ ಅವಧೂತ ಕಣ್ಣು ಬಿಡಲಿಲ್ಲ.

ಅಂದು ಸಂಜೆ ಬಾಳುವಿನ ಮುಂದೆ ಚಹಾ ಇಟ್ಟು ಹೇಳಿದ. “ಸೋಮವಾರ ನಂದು ಎಕೋ ಅಂತ. ಎದಿಮ್ಯಾಲೆ ಏನೋ ಹಚ್ಚಿ ನೋಡ್ತಾರಂತ. ನನ್ನ ಕೈಲೆ ಆಗೂದಿಲ್ಲ ಬಾಳ್ಯಾ.”

ಬಾಳು ಬಸಿಯಲ್ಲಿ ಚಹಾ ಸುರಿದುಕೊಂಡ. ಕುಡಿಯಲಿಲ್ಲ. ಅದರ ಮೇಲೆ ಕೆನೆ ಕಟ್ಟುವವರೆಗೂ ನೋಡುತ್ತ ಕೂತ.

“ಟೊಪಗಿ ಕೊಡು,” ಎಂದ.

ಸೋಮವಾರ ಅವನು ಎಡಮಗ್ಗುಲಾಗಿ ಮಂಚದ ಮೇಲೆ ಮಲಗಿ, ಮೂಗಿನಲ್ಲಿ ಕೆಮ್ಮಿ, “ಲಗೂ ಮುಗಸ್ರಿ ಬಾಯಾರ, ಮನ್ಯಾಗ ನನ್ನ ಗೋದಾ ಕಾಯ್ತಿರ್ತಾಳ,” ಎಂದು ಅವಧೂತನ ಗೊಗ್ಗರು ದನಿಯಲ್ಲಿ ಹೇಳಿದ. ಬಾಗಿಲ ಬಳಿ ಬಾಳುವಿನ ಅಂಗಿ ಹಿಡಿದು ನಿಂತಿದ್ದ ಅವಧೂತ ನೆಲ ನೋಡಿದ. ಅವನ ಹಿಂದೆ ನಿಂತಿದ್ದ ಗೋದಾಗೆ ಬೆಳಿಗ್ಗೆಯಷ್ಟೇ ವಿಷಯ ತಿಳಿದಿತ್ತು. ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಿದ್ದರೂ ಅವಳ ಕಣ್ಣು ಇನ್ನೂ ಕೆಂಡವಾಗಿಯೇ ಇತ್ತು.

ನೀಲಿಮಾ ಪಕ್ಕೆಲುಬಿನ ನಡುವೆ ಉಪಕರಣ ಒತ್ತಿ ಬಹಳ ಹೊತ್ತು ನೋಡಿದಳು. “ಪಂಪಿಂಗ್ ಕಮ್ಮಿ ಇದೆ. ಆದ್ರೆ ಬೇಗ ಗೊತ್ತಾಯ್ತು, ಮಾತ್ರೆ ಕೊಟ್ಟು ಹಿಡಿದಿಡಬಹುದು. ಕೇಳಿಸ್ತಾ, ಬಾಳು ಅಂಕಲ್?”

ಬಾಳು ಕುತ್ತಿಗೆ ಹೊರಳಿಸಿ ಪರದೆಯ ಮೂಲೆಯಲ್ಲಿದ್ದ ಹೆಸರನ್ನು ಓದಿದ. ಬಾಳು ಈರಣ್ಣ ಕಮತಗಿ. ಮತ್ತೊಮ್ಮೆ ಓದಿದ. ಬಾಗಿಲ ಕಡೆ ನೋಡಿದ.

“ಅವಧ್ಯಾ… ಹಲ್ಕಟ್ ಸೂಳೇಮಗನs!”

“ಹತ್ತ ದಿನ ನನ್ನ ಕೈಲೆ ಸಪ್ಪನ ಸಾರು ಮಾಡ್ಸೀರಿ ಇಬ್ರೂ ಕೂಡಿ!” ಎಂದು ಗೋದಾ ಗದರಿದಳು. ಗದರುತ್ತಲೇ ಅವಳಿಗೆ ನಗು ಬಂತು. ಅವಧೂತನೂ ನಕ್ಕ. ಎಲ್ಲರಿಗಿಂತ ಜೋರಾಗಿ ಬಾಳುವೇ ನಕ್ಕ, ಕಣ್ಣಲ್ಲಿ ನೀರು ಬರುವ ಹಾಗೆ, ಮಂಚ ಕಿರುಗುಟ್ಟುವ ಹಾಗೆ.

“ನಗಬೇಡಿ ಅಂಕಲ್, ಪಿಕ್ಚರ್ ಅಲ್ಲಾಡ್ತಿದೆ.”

ಪರದೆಯ ಮೇಲಿನ ಹೃದಯದ ಬೂದು ನೆರಳು ಕದಡಿಹೋಯಿತು. ಬಾಳು ಉಸಿರಿಗಾಗಿ ನಗು ನಿಲ್ಲಿಸಿದಾಗ ಅದು ಮತ್ತೆ ತಿಳಿಯಾಗಿ ನಿಂತು, ತುಸು ಸೋತಂತೆ, ತೆರೆದು ಮುಚ್ಚಿತು. ಅಷ್ಟರಲ್ಲಿ ಅವನು ಮತ್ತೆ ನಗತೊಡಗಿದ.