ಗಾಜಿನಂಗಡಿಯ ಮಾತು

ಟಿವಿಯಲ್ಲಿ ಯುದ್ಧದ ಸುದ್ದಿ ಬಂದರೆ ಎಲ್ಲರಿಗೂ ಹೊಗೆ ಕಾಣುತ್ತದೆ, ಬೆಂಕಿ ಕಾಣುತ್ತದೆ. ಗಾಜಿನಕ್ಕನಿಗೆ ಕಿಟಕಿ ಕಾಣುತ್ತಿತ್ತು. ಎಂಟು ಮಹಡಿಯ ಕಟ್ಟಡ, ಮಹಡಿಗೆ ಹನ್ನೆರಡು ಕಿಟಕಿ, ಕಿಟಕಿಗೆ ಎರಡು ಗಾಜು, ಒಂದೂ ಉಳಿದಿಲ್ಲ. ಅಷ್ಟನ್ನೂ ಅಳೆದು, ಕತ್ತರಿಸಿ, ಅಂಚು ಉಜ್ಜಿ, ಚೌಕಟ್ಟಿಗೆ ಕೂರಿಸಲು ಯಾರಿಗೋ ತಿಂಗಳುಗಟ್ಟಲೆ ಹಿಡಿದಿತ್ತು. ಒಡೆದುಹೋಗುವುದಕ್ಕೆ ರೆಪ್ಪೆ ಬಡಿಯುವಷ್ಟು ಹೊತ್ತು ಸಾಕಾಯಿತು. ಬೀದಿಯವರು ಅವಳನ್ನು ಗಾಜಿನಕ್ಕ ಎಂದು ಸುಮ್ಮನೆ ಕರೆಯುತ್ತಿರಲಿಲ್ಲ. ಮನೆಯ ಕೆಳಗೇ ಅಂಗಡಿ, ಅಂಗಡಿಯಲ್ಲಿ ಗಾಜು ಕತ್ತರಿಸುವವಳು ಅವಳೇ.

“ಇವರ ಕೈ ಸೇದಿಹೋಗ!” ಎಂದು ಅವಳು ಕೈಯಲ್ಲಿ ತುತ್ತು ಹಿಡಿದುಕೊಂಡೇ ಟಿವಿಗೆ ಬೈಯುತ್ತಿದ್ದಳು.

“ಸುಮ್ನಿರಮ್ಮ, ಈಗ ಕ್ಷಿಪಣಿ ತೋರಿಸ್ತಾರೆ,” ಎನ್ನುತ್ತಿದ್ದರು ಮಾವ.

ಮಾವನಿಗೆ ಅವಳು ಮನಸ್ಸಿನಲ್ಲೇ ಇಟ್ಟಿದ್ದ ಹೆಸರು ಸೇನಾಪತಿ. ನಲವತ್ತು ವರ್ಷ ಅದೇ ಅಂಗಡಿಯಲ್ಲಿ ಗಾಜು ಕತ್ತರಿಸಿದ ಮನುಷ್ಯ. ಕೈ ನಡುಗಲು ಶುರುವಾದಾಗ ಕಟ್ಟರನ್ನು ಮಗನಿಗೆ ಕೊಡದೆ ಸೊಸೆಗೆ ಕೊಟ್ಟರು. ಮಗ ಏಣಿ ಹತ್ತಿ ಗಾಜು ಕೂರಿಸುವುದರಲ್ಲಿ ಗಟ್ಟಿಗ; ಕತ್ತರಿಸಲು ನಿಂತರೆ ಹತ್ತರಲ್ಲಿ ನಾಲ್ಕು ಚೂರುಚೂರು. ಕೆಲಸ ಬಿಟ್ಟ ಮೇಲೆ ಮುದುಕರಿಗೆ ಯುದ್ಧ ಅಂಟಿಕೊಂಡಿತು. ಯಾವ ಕ್ಷಿಪಣಿ ಎಷ್ಟು ದೂರ ಹಾರುತ್ತದೆ, ಯಾವ ಟ್ಯಾಂಕಿಗೆ ಎಷ್ಟು ದಪ್ಪ ಕವಚ, ಎಲ್ಲ ನಾಲಿಗೆಯ ತುದಿಯಲ್ಲಿ. ಮೊಮ್ಮಗಳು ಎಷ್ಟನೇ ಕ್ಲಾಸು ಎಂದು ಕೇಳಿದರೆ ಮಾತ್ರ ಸೂರು ನೋಡುತ್ತಿದ್ದರು. ಊಟದ ಮೇಜಿನ ಮೇಲೆ ಲೋಟ ಚಮಚಗಳನ್ನೇ ಪಡೆ ಮಾಡಿ ಮುಂದಕ್ಕೆ ದೂಡುವುದು ಅವರ ದಿನದ ಆಟ.

“ತಾತ, ಉಪ್ಪಿನ ಡಬ್ಬಿ ಯಾರ ಕಡೆ?” ಎಂದಳು ಒಮ್ಮೆ ಹುಡುಗಿ.

“ಅದು ಶತ್ರು ಕಡೆ ಪುಟ್ಟಿ.”

“ಉಪ್ಪು ನನ್ನ ಕಡೆ. ಕೊಡಿ ಇಲ್ಲಿ,” ಎಂದು ಗಾಜಿನಕ್ಕ ಡಬ್ಬಿ ಕಿತ್ತುಕೊಂಡಳು.

ಹುಡುಗಿ ಕಿಸಕ್ಕನೆ ನಕ್ಕಳು. ತಾಯಿಗೆ ನಗು ಬರಲಿಲ್ಲ. ಏಳರ ಮಗ್ಗಿ ಬಾರದ ಮಗುವಿಗೆ ಏಳು ಬಗೆಯ ಬಾಂಬಿನ ಹೆಸರು ಬಾಯಿಪಾಠವಾಗಿತ್ತು. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಇಲ್ಲಿ ಬೆಕ್ಕೂ ಅಲ್ಲದವರು ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಮಾವ ಅಂಗಡಿಗೆ ಇಳಿದು ಬಂದರು. ಮುಖ ಊರಗಲ ಆಗಿತ್ತು.

“ದೊಡ್ಡ ಕೆಲಸ ಬಂದಿದೆ ಕಣಮ್ಮ. ವಸ್ತುಪ್ರದರ್ಶನದ ಹಾಲ್ ಇದೆಯಲ್ಲ, ಅಲ್ಲಿಗೆ ಆಳೆತ್ತರದ ಗಾಜಿನ ಪೆಟ್ಟಿಗೆ ಬೇಕಂತೆ. ಹನ್ನೆರಡು! ಫೋನಲ್ಲೇ ಒಪ್ಕೊಂಡೆ.”

“ಒಳಗೆ ಏನಿಡ್ತಾರಂತೆ ಮಾವ?”

“ಅದೇ ನೋಡು ವಿಶೇಷ. ಆಯುಧದ ಕಂಪನಿ. ಕ್ಷಿಪಣಿ, ಬಂದೂಕು, ಎಲ್ಲದರ ಮಾದರಿ. ಟಿವಿಲಿ ನೋಡಿದ್ದನ್ನ ಹತ್ತಿರದಿಂದ ನೋಡಬಹುದು!”

ಗಾಜಿನಕ್ಕ ಕೈಯಲ್ಲಿದ್ದ ಕಟ್ಟರನ್ನು ಕೆಳಗಿಟ್ಟಳು. “ನಾನು ಕತ್ತರಿಸಲ್ಲ ಮಾವ,” ಎಂದಳು.

ಗಾಜಿನ ಕೆಲಸ ಗೊತ್ತಿದ್ದವರಿಗೆ ಅವಳ ಸ್ವಭಾವ ಅರ್ಥವಾಗುತ್ತದೆ. ಗಾಜಿಗೆ ಗೀರು ಒಂದೇ ಸಲ. ನಡುವೆ ಅಳುಕಿ ನಿಲ್ಲಿಸಿದರೆ, ಎಳೆದ ಗೀರಿನ ಮೇಲೆ ಮತ್ತೆ ಎಳೆದರೆ ಹಾಳೆ ಅಡ್ಡಾದಿಡ್ಡಿ ಒಡೆಯುತ್ತದೆ. ಅದನ್ನು ಕಲಿಸಿದವರೇ ಈ ಮಾವ. ಈಗ ತಾವು ಕಲಿಸಿದ ಪಾಠ ತಮಗೇ ತಿರುಗಿ ಬಂದದ್ದು ಅವರಿಗೆ ಹಿಡಿಸಲಿಲ್ಲ.

“ಮಾತು ಕೊಟ್ಟಿದ್ದೀನಿ. ನಲವತ್ತು ವರ್ಷದಲ್ಲಿ ಈ ಅಂಗಡಿ ಒಂದು ಮಾತು ತಪ್ಪಿಲ್ಲ. ನನ್ನ ಮದುವೆ ದಿನ ಬೆಳಿಗ್ಗೆ ಎದ್ದು ಹೋಗಿ ಬೇಕರಿಯವನ ಗಾಜು ಕೂರಿಸಿ ಬಂದವನು ನಾನು. ನಿಮ್ಮತ್ತೆ ಸಾಯೋ ತನಕ ಅದನ್ನೇ ಆಡಿಕೊಂಡಳು.”

“ಗೊತ್ತು ಮಾವ. ಆದ್ರೂ ಇದು ನನ್ನ ಕೈಲಿ ಆಗಲ್ಲ.”

“ಹಾಗಾದ್ರೆ ಕೇಳು. ನನ್ನ ಮಾತು ಮುರಿಯೋಳು ಆ ಟೇಬಲ್ ಹತ್ತಿರ ಬರೋದು ಬೇಡ.”

ಆ ಟೇಬಲ್ ಅಂದರೆ ಕಂಬಳಿ ಹೊದಿಸಿದ, ಅಂಚೆಲ್ಲ ಸವೆದ ಒಂದು ಹಳೆಯ ಮರದ ಮೇಜು. ಮದುವೆಯಾಗಿ ಬಂದಾಗ ಅವಳಿಗೆ ಏನೂ ಬರುತ್ತಿರಲಿಲ್ಲ. ಆ ಮೇಜಿನ ಮುಂದೆ ನಿಂತು ಬೆರಳು ಕೊಯ್ದುಕೊಂಡು, ಬೈಸಿಕೊಂಡು, ಆರು ವರ್ಷಕ್ಕೆ ಕಸುಬು ಕೈವಶ ಮಾಡಿಕೊಂಡಿದ್ದಳು. ಜಗತ್ತಿನಲ್ಲಿ ಇದು ನನ್ನದು ಎಂದು ಅವಳು ಹೇಳಿಕೊಳ್ಳಬಹುದಾಗಿದ್ದ ಜಾಗ ಅದೊಂದೇ.

ಗಂಡನದು ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು. “ಅಪ್ಪ ಹೇಳೋದೂ ಸರಿ, ನೀನು ಹೇಳೋದೂ ಸರಿ. ಆದ್ರೆ ನೋಡು, ನಾವೇನು ಬಾಂಬ್ ಮಾಡ್ತೀವಾ? ಬರೀ ಪೆಟ್ಟಿಗೆ ತಾನೇ?”

“ದಿನಾ ಟಿವಿಗೆ ಬೈತೀನಿ ಅಲ್ವೇನ್ರೀ? ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ. ಬೇಡ ಬೇಡ ಅಂತ ಕಿರುಚಿದ್ರೆ ಟಿವಿಗೆ ಕೇಳಿಸುತ್ತಾ? ಈ ಕಂಪನಿಯವರಿಗೆ ಕೇಳಿಸುತ್ತೆ. ಅವರಾಗೇ ನಮ್ಮ ಬಾಗಿಲಿಗೆ ಬಂದಿದ್ದಾರೆ. ಈಗಲೂ ಬಾಯಿ ಮುಚ್ಚಿಕೊಂಡ್ರೆ ನಾನು ಇಷ್ಟು ದಿನ ಬೈದಿದ್ದೆಲ್ಲ ಬರೀ ಗಂಟಲು ಶೋಕಿ.”

ಗಂಡ ಏಣಿ ಹೆಗಲಿಗೇರಿಸಿಕೊಂಡು ಹೊರಗೆ ನಡೆದ.

ಮೂರನೆಯ ದಿನ ಕಂಪನಿಯವನು ನಕ್ಷೆ ಹಿಡಿದು ಅಂಗಡಿಗೆ ಬಂದ. ನಯವಾದ ಅಂಗಿ, ನಯವಾದ ಮಾತು. ಮಾವ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಮೊದಲೇ ಇಳಿದು ಬಂದಿದ್ದರು. ಸೊಸೆ ಒಪ್ಪಿಯಾಳು, ಅವನೆದುರು ಬಾಯಿ ತೆರೆಯಲಾರಳು ಎಂಬ ಧೈರ್ಯ. ಬಂದವನಿಗೆ ಕುರ್ಚಿ ಕೊಟ್ಟು, ತಮಗೆ ಗೊತ್ತಿದ್ದ ಕ್ಷಿಪಣಿಗಳ ಹೆಸರೆಲ್ಲ ಹೇಳಿ, ಎಷ್ಟು ದೂರ, ಎಷ್ಟು ತೂಕ ಎಂದು ಕೇಳಿದರು. ಅವನಿಗೂ ಖುಷಿಯಾಯಿತು. ಬಣ್ಣದ ಪುಸ್ತಕವೊಂದನ್ನು ಬಿಡಿಸಿ ಬೆರಳಿಟ್ಟು ತೋರಿಸಿದ.

“ನಮ್ಮ ಹೊಸ ಮಾಲು ಇದು ಯಜಮಾನ್ರೇ. ಇದೊಂದು ಬಿದ್ರೆ ಸುತ್ತ ಒಂದು ಕಿಲೋಮೀಟರಿನಲ್ಲಿ ಒಂದು ಕಿಟಕಿ ಗಾಜೂ ಉಳಿಯಲ್ಲ.” ಆಮೇಲೆ ತಾನು ಕೂತಿರುವುದು ಎಲ್ಲಿ ಎಂದು ನೆನಪಾಗಿ ಗಹಗಹಿಸಿದ. “ಒಂದು ಲೆಕ್ಕದಲ್ಲಿ ನಿಮ್ಮಂಥವರಿಗೂ ಒಳ್ಳೇದೇ ಅಲ್ವಾ? ಒಳ್ಳೆ ವ್ಯಾಪಾರ!”

ಬಂದವರು ನಕ್ಕರೆ ನಗಬೇಕಲ್ಲ, ಮಾವ ಹಲ್ಲು ಬಿಟ್ಟರು. ಅರ್ಧ ನಕ್ಕು ನಿಲ್ಲಿಸಿದರು. ಬಾಗಿಲ ಬಳಿ ಗಾಡಿಗೆ ಗಾಜು ಏರಿಸುತ್ತಿದ್ದ ಗಂಡ ತಿರುಗಿ ನೋಡಿದ.

ಗಾಜಿನಕ್ಕ ಹತ್ತಿರ ಬಂದಳು. ಮೇಜಿನ ಮೇಲೆ ಹರಡಿದ್ದ ನಕ್ಷೆಯನ್ನು ಮಡಚಿ ಅವನ ಕೈಗೆ ಕೊಟ್ಟಳು.

“ಈ ಕೆಲಸ ಇಲ್ಲಿ ಆಗಲ್ಲ.”

“ಮೇಡಂ, ಯಜಮಾನ್ರು ಮಾತು ಕೊಟ್ಟಿದ್ದಾರೆ.”

“ಅವರು ಕೊಟ್ಟಿದ್ದಾರೆ, ನಾನು ಕೊಟ್ಟಿಲ್ಲ. ಕತ್ತರಿಸೋಳು ನಾನು.”

ಅವನು ಮುದುಕರ ಮುಖ ನೋಡಿದ. ಮುದುಕರು ನೆಲ ನೋಡುತ್ತಿದ್ದರು. ನಮ್ಮ ಸಾಹೇಬರೇ ಫೋನ್ ಮಾಡುತ್ತಾರೆ ಎಂದು ಹೇಳಿ ಅವನು ಎದ್ದು ಹೋದ.

“ಕಟ್ಟರ್ ಕೊಡು,” ಎಂದರು ಮಾವ, ಅವಳ ಕಡೆ ನೋಡದೆ. ಕೊಟ್ಟಳು. ಅದನ್ನು ಶರ್ಟಿನ ಜೇಬಿಗೆ ಹಾಕಿಕೊಂಡರು. ಅವಳು ಒಳಗೆ ಹೋಗಿ ನೀರಿನ ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಅತ್ತುಬಿಟ್ಟಳು.

ಮಾರನೆಯ ದಿನ ಮನೆಯಲ್ಲಿ ಕೂರುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅವಳು ಎಂದಿನ ಹೊತ್ತಿಗೆ ಅಂಗಡಿಗೆ ಇಳಿದಳು. ಟೇಬಲ್ ಹತ್ತಿರ ಹೋಗಲಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕ ನಿಂತು ಗಿರಾಕಿಗಳ ಅಳತೆ ಬರೆದುಕೊಂಡಳು, ಗಾಜು ಒರೆಸಿದಳು, ಚೂರು ಗುಡಿಸಿದಳು. ಔಷಧಿ ಅಂಗಡಿಯವರ ಷೋಕೇಸಿಗೆ ಅಂದು ಸಂಜೆಯೊಳಗೆ ಗಾಜು ಬೇಕಾಗಿತ್ತು. ಮಾವ ಜೇಬಿನಿಂದ ಕಟ್ಟರ್ ತೆಗೆದು ತಾವೇ ನಿಂತರು. ಕೈ ನಡುಗಿ ಗೀರು ಹಾವಿನಂತೆ ಹೊರಳಿತು, ಹಾಳೆ ಕೆಟ್ಟಿತು. ಇನ್ನೊಂದು ತೆಗೆದರು, ಅದೂ ಕೆಟ್ಟಿತು. ಅವಳಿಗೆ ನೋಡಲಾಗಲಿಲ್ಲ. ಕರೆದಿದ್ದರೆ ಓಡಿಹೋಗುತ್ತಿದ್ದಳು. ಅವರು ಕರೆಯಲಿಲ್ಲ.

“ತಪ್ಪಾಯ್ತು ಅಂದುಬಿಡೇ. ಮುದುಕರು, ಕರಗ್ತಾರೆ,” ಎಂದು ಗಂಡ ಪಿಸುಗುಟ್ಟಿದ.

“ತಪ್ಪಾಗಿದ್ರೆ ಅಂತಿದ್ದೆ.”

ಆಗಲೇ ಫೋನ್ ಬಂತು. ಮಾವ ಎತ್ತಿಕೊಂಡರು. ಕಂಪನಿಯ ಸಾಹೇಬನ ಗಂಟಲು ದೊಡ್ಡದು, ಅಂಗಡಿಗೆಲ್ಲ ಕೇಳಿಸುತ್ತಿತ್ತು.

“ನಿಮ್ಮ ಸೊಸೆ ಏನೋ ತಕರಾರು ತೆಗೆದರಂತೆ. ಹೆಂಗಸರ ಮಾತು ಬಿಡಿ ಯಜಮಾನ್ರೇ. ಕತ್ತರಿಸೋಕೆ ಆಳುಗಳನ್ನ ನಾವೇ ಕಳಿಸ್ತೀವಿ. ನಿಮ್ಮ ಅಂಗಡಿ, ನಿಮ್ಮ ಟೇಬಲ್ ಕೊಟ್ರೆ ಸಾಕು. ನಿಮ್ಮ ಮಾತೂ ಉಳಿಯುತ್ತೆ. ಹೂಂ ಅನ್ನಿ.”

ಇದೊಂದು ದಾರಿ ಗಾಜಿನಕ್ಕನಿಗೆ ಹೊಳೆದೇ ಇರಲಿಲ್ಲ. ಅವಳ ಕೈ ಇಲ್ಲದೆಯೂ ಕೆಲಸ ನಡೆಯಬಹುದು, ಅದೂ ಅವಳ ಮೇಜಿನ ಮೇಲೆ. ಮಾವ ಹೂಂ ಅಂದರೆ ಮುಗಿಯಿತು.

ಮಾವ ಬಾಗಿಲಾಚೆ ಬೀದಿ ನೋಡುತ್ತ ನಿಂತರು. ಎದುರಿಗೆ ದರ್ಜಿಯ ಅಂಗಡಿ, ಅದರ ಮೇಲೆ ದಂತವೈದ್ಯರ ಕೋಣೆ, ಪಕ್ಕದಲ್ಲಿ ಮಕ್ಕಳ ಶಾಲೆ. ಅಲ್ಲಿನ ಒಂದೊಂದು ಗಾಜನ್ನೂ ಯಾವ ವರ್ಷ ಕತ್ತರಿಸಿದ್ದು ಎಂದು ಅವರು ಹೇಳಬಲ್ಲರು. ಶಾಲೆಯ ಒಂದು ಕಿಟಕಿಯೊಳಗೆ ಯಾರೋ ಬಣ್ಣದ ಕಾಗದ ಅಂಟಿಸಿದ್ದರು. ಒಂದು ಕಿಲೋಮೀಟರ್ ಅಂದರೆ ಈ ಬೀದಿ, ಆಚೆ ಬೀದಿ, ಆಸ್ಪತ್ರೆ, ಎಲ್ಲ.

“ಹಲೋ? ಕೇಳಿಸ್ತಾ?” ಎಂದಿತು ಫೋನು.

“ಕೇಳಿಸ್ತು ಸ್ವಾಮಿ. ನೀವೂ ಒಂದು ಮಾತು ಕೇಳಿಸ್ಕೊಳ್ಳಿ. ನಮ್ಮ ಸೊಸೆ ತಕರಾರು ತೆಗೀಲಿಲ್ಲ. ಮಾತು ಕೊಟ್ಟೋನು ನಾನು, ತಪ್ತಾ ಇರೋನೂ ನಾನೇ. ನನ್ನ ಹೆಸರೇ ಬರ್ಕೊಳ್ಳಿ.”

ಫೋನ್ ಇಟ್ಟು ಸ್ಟೂಲಿನ ಮೇಲೆ ಕುಸಿದು ಕೂತರು. ನಲವತ್ತು ವರ್ಷ ಉಳಿಸಿಕೊಂಡ ಮಾತು ಹೋಗಿತ್ತು. ಗಾಜಿನಕ್ಕ ನೀರು ತಂದುಕೊಟ್ಟಳು. ಅವರು ಜೇಬಿನಿಂದ ಕಟ್ಟರ್ ತೆಗೆದು ಅವಳ ಕೈಗಿಟ್ಟರು.

“ಮೊದಲು ಔಷಧಿ ಅಂಗಡಿಯವರದ್ದು ಮುಗಿಸು. ಎರಡು ಹಾಳೆ ಹಾಳು ಮಾಡಿದ್ದೀನಿ,” ಎಂದರು.

ಅವಳು ಒಂದೇ ಗೀರಿಗೆ ಮುಗಿಸಿದಳು. ಗಂಡ ಗಾಜನ್ನು ಎತ್ತಿ ಗಾಡಿಯಲ್ಲಿಡುತ್ತ ಗೊಣಗಿದ: “ನಾವೇನೋ ಬೇಡ ಅಂದ್ವಿ. ಏನು ಬಂತು? ದಪ್ಪ ಗಾಜು ಕತ್ತರಿಸೋರು ಊರಲ್ಲಿ ಇನ್ನೂ ಇಬ್ಬರಿದ್ದಾರೆ. ನಾಳೆ ಅವರ ಹತ್ತಿರ ಹೋಗ್ತಾರೆ.”

ಮಾವ ತಲೆ ಎತ್ತಿದರು. ಕಾಲಿನಿಂದಲೇ ತಡಕಾಡಿ ಚಪ್ಪಲಿ ಮೆಟ್ಟಿಕೊಂಡರು.

“ಬಸ್ ನಿಲ್ದಾಣದ ಹತ್ತಿರದವನು ನನ್ನ ಕೈಯಲ್ಲಿ ಕಲಿತವನು. ಈಗಲೇ ಹೋಗಿ ಹೇಳಿದ್ರೆ ಕೇಳ್ತಾನೆ. ಆದ್ರೆ ಸೇತುವೆ ಹತ್ತಿರದವನಿದ್ದಾನಲ್ಲ, ಅವನು ಯಾರ ಮಾತೂ ಕೇಳೋನಲ್ಲ.”

“ಅವನ ಹೆಂಡತಿ ಕೇಳ್ತಾಳೆ, ನೀವು ನಡೀರಿ ಮಾವ,” ಎಂದು ಗಾಜಿನಕ್ಕ ಅಂಗಡಿಯ ಶಟರ್ ಎಳೆದಳು.