ಗಡಿ ಕಾಯ್ದ ಮುಧೋಳದ ಕಾಶಿ

ನಾನು ಒಂದು ಮುಧೋಳ ನಾಯಿ. ಹೆಸರು ಕಾಶಿ. ನನ್ನ ಸಣ್ಣ ನಡು, ಉದ್ದ ಮೋರೆ ನೋಡಿ "ಇದಕ್ಕೆ ಕೂಳು ಹಾಕೋದಿಲ್ಲವೇನ್ರಿ?" ಎಂದು ಕೇಳುವ ಜಾಣರು ಎಲ್ಲ ಊರಲ್ಲೂ ಇದ್ದಾರೆ. ನಾವಿರುವುದೇ ಹಾಗೆ, ಸ್ವಾಮಿ! ಮುಧೋಳದ ಹತ್ತಿರದ ಒಂದು ಕುರಿಹಟ್ಟಿಯಲ್ಲಿ ಹುಟ್ಟಿದೆ. ಸರಿಯಾಗಿ ಓಡಲು ಕಲಿಯುವ ಮೊದಲೇ ಗಡಿ ಕಾಯುವ ಪಡೆಯವರು ಬಂದು ನನ್ನನ್ನು ಆರಿಸಿಕೊಂಡು ಹೋದರು.

ಅಲ್ಲಿ ನನ್ನ ಪಟ್ಟಿ ಹಿಡಿದವನು ಯಮನಪ್ಪ, ಬೀಳಗಿ ಕಡೆಯ ಜವಾನ. ಉತ್ತರದ ಆ ಗಡಿ ರಾಜ್ಯದ ಠಾಣೆಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಗಾಂಜಾ, ಮದ್ದುಗುಂಡಿನ ವಾಸನೆ ಹಿಡಿಯುವುದನ್ನು ಅವನೇ ಕಲಿಸಿದ. ವಾಸನೆ ಸಿಕ್ಕರೆ ಬೊಗಳಬಾರದು, ಕಚ್ಚಬಾರದು. ಅದರೆದುರು ಸುಮ್ಮನೆ ಕೂತುಬಿಡಬೇಕು. ಕೂತರೆ "ಭಲೆ ನನ್ನವ್ವ!" ಎಂದು ಕಿವಿ ತಿಕ್ಕುತ್ತಿದ್ದ. "ನಿನಗ ವಯಸ್ಸಾದ ಮ್ಯಾಲ ನಮ್ಮೂರಿಗೆ ಕರ್ಕೊಂಡ ಹೋಗ್ತೀನಿ" ಎನ್ನುತ್ತಿದ್ದ. ನಂಬಿದೆ. ನಾಯಿಗೆ ನಂಬುವುದು ಬಿಟ್ಟು ಬೇರೇನು ಗೊತ್ತು?

ಒಂದು ದಿನ ಠಾಣೆಯ ಅಂಗಳದಲ್ಲಿ ಶಾಮಿಯಾನ ಎದ್ದಿತು. ನಮ್ಮ ಪಡೆಯವರೂ ನೆರೆದೇಶದವರೂ ಕೂಡಿ ಗಡಿ ಕಾಯುವ ಒಪ್ಪಂದಕ್ಕೆ ಸಹಿ ಹಾಕುವರಂತೆ. ಹಾರ, ಬರ್ಫಿ, ಫೋಟೊ, ಅಬ್ಬಬ್ಬಾ! ಅತಿಥಿಗಳಿಗೆ ನನ್ನ ಕೆಲಸ ತೋರಿಸಲು ಯಮನಪ್ಪ ನನ್ನನ್ನು ಬಿಟ್ಟ. ಒಂದು ಪೆಟ್ಟಿಗೆಯಲ್ಲಿ ಗಾಂಜಾ ಬಚ್ಚಿಟ್ಟಿದ್ದರು. ಹಿಡಿದೆ, ಚಪ್ಪಾಳೆ ಬಿತ್ತು. ಅಷ್ಟಕ್ಕೇ ನಿಲ್ಲಬೇಕಿತ್ತೋ ಏನೋ. ಆದರೆ ಗಾಳಿಯಲ್ಲಿ ಅದೇ ವಾಸನೆ ಇನ್ನೊಂದು ಕಡೆಯಿಂದಲೂ ಬರುತ್ತಿತ್ತು. ಬೆನ್ನು ಹತ್ತಿ ಹೋದೆ. ನೆರೆದೇಶದ ದೊಡ್ಡ ಅಧಿಕಾರಿಯ ಕಾರಿನ ಡಿಕ್ಕಿಯೆದುರು ಕೂತೆ.

ನಮ್ಮ ಸಾಹೇಬರು ಕಣ್ಣು ಕೆಂಪಗೆ ಮಾಡಿ "ಏನಿದು?" ಎಂದರು. ಊರ ಕಡೆ ವರ್ಗ ಮಾಡಿಸಿಕೊಡಿ ಎಂದು ಯಮನಪ್ಪ ಬೇಡಿಕೊಂಡಿದ್ದು ಇದೇ ಸಾಹೇಬರನ್ನು. ಅವನ ಬೆವರಿನ ವಾಸನೆಯೇ ಬದಲಾಯಿತು. ಎಲ್ಲರಿಗೂ ಕೇಳುವಂತೆ ಹಿಂದಿಯಲ್ಲಿ ಹೇಳಿದ: "ನಾಯಿಗೆ ಜ್ವರ ಸಾಹೇಬ್. ಮೂಗು ಕೆಟ್ಟಿದೆ."

ಎಲ್ಲರೂ ನಕ್ಕರು. ಡಿಕ್ಕಿ ಯಾರೂ ತೆಗೆಯಲಿಲ್ಲ. ಸಹಿ ಆಯಿತು.

ಮೂಗು ಕೆಟ್ಟ ನಾಯಿಗೆ ಪಡೆಯಲ್ಲೇನು ಕೆಲಸ? ನನ್ನ ಪಟ್ಟಿ ಬಿಚ್ಚಿ ಅಡುಗೆಯ ದುಲಾರಚಂದನಿಗೆ ಒಪ್ಪಿಸಿದರು. ಪಾಪ, ಒಳ್ಳೆಯವನು. ಉಳಿದ ರೊಟ್ಟಿಗೆ ಬೇಳೆಕಟ್ಟು ಸುರಿದು ಕೊಡುತ್ತಿದ್ದ.

ಯಮನಪ್ಪನಿಗೆ ವರ್ಗವಾಯಿತು. ಹೊರಡುವ ದಿನ ಟ್ರಂಕು ಹೊತ್ತು ಅಡುಗೆಮನೆಯ ಹಿತ್ತಲಿಗೆ ಬಂದ. ನನ್ನನ್ನು ಕರೆದೊಯ್ಯಲೆಂದೇ ಬಂದನೆಂದು ಕುಣಿದುಬಿಟ್ಟೆ, ನನ್ನ ಹುಚ್ಚು! ಯಾರಿಗೂ ಬೇಡವಾದ ನಾಯಿ ನಾನು. ಕೇಳಿದ್ದರೆ ಕೊಟ್ಟೇ ಬಿಡುತ್ತಿದ್ದರು. ಅವನು ಕೇಳಿರಲೇ ಇಲ್ಲ. ನನ್ನ ತಲೆ ಅಪ್ಪಿಕೊಂಡು ಅತ್ತ.

"ನೀ ಖರೇನ ಹಿಡದಿದ್ದಿ, ಕಾಶಿ. ನಿನ್ನ ಮೂಗಿಗೆ ಏನೂ ಆಗಿಲ್ಲವ್ವ" ಎಂದ. ಕನ್ನಡದಲ್ಲಿ ಎಂದ.

"ಏನು ಹೇಳಿದೆ?" ಎಂದು ದುಲಾರಚಂದ ಕೇಳಿದ.

"ಏನಿಲ್ಲ, ಹೋಗಿ ಬರ್ತೀನಿ ಅಂದೆ" ಎಂದು ಹಿಂದಿಯಲ್ಲಿ ಉತ್ತರಿಸಿ ಟ್ರಂಕು ಎತ್ತಿಕೊಂಡ.

ಈಗ ಮುದುಕಿಯಾಗಿದ್ದೇನೆ. ಕಟ್ಟಿಗೆ ರಾಶಿಯ ಪಕ್ಕ ಬಿಸಿಲು ಕಾಯಿಸುತ್ತ ಬಿದ್ದಿರುತ್ತೇನೆ. ಒಪ್ಪಂದದ ಸಭೆಗೆ ಆ ಕಾರು ಈಗಲೂ ಬರುತ್ತದೆ, ಹೋಗುತ್ತದೆ. ಅದರೊಳಗಿನವರ ಮೇಲೆ ನನಗೆ ಸಿಟ್ಟಿಲ್ಲ, ಅವರು ನನ್ನವರಲ್ಲ. ನನ್ನ ಕುತ್ತಿಗೆ ಕೊಯ್ಯಲು ನನ್ನವನೇ ಬೇಕಾಯಿತು. ಅಂದು ಅವನು ಗೇಟು ದಾಟುವವರೆಗೂ ನಾನು ಬಾಲ ಆಡಿಸುತ್ತಲೇ ಇದ್ದೆ. ಇವತ್ತು ಬಂದು ಎದುರು ನಿಂತರೂ ಆಡಿಸಿಬಿಡುತ್ತೇನೆ, ಹಾಳಾದ ಬಾಲ!