ಕುಬೇರಪ್ಪನ ಸಾಲು, ಕಾಶಿನಾಥನ ಆಕಾಶ

ಕುಂದಗೋಳ ತಾಲೂಕಿನಲ್ಲಿ ಕೂರಿಗೆ ಹಿಡಿದು ಬಿತ್ತುವವರು ನೂರಾರು ಜನ ಇರಬಹುದು. ಆದರೆ ಸಾಲು ಎಂದರೆ ತನ್ನದೇ ಎಂಬುದು ಕುಬೇರಪ್ಪನ ಗಟ್ಟಿ ನಂಬಿಕೆ. ಪಕ್ಕದ ಹೊಲದ ಕಾಶಿನಾಥ ಮಾತ್ರ, "ಬನ್ನಿ ಗಿಡದ ಹತ್ರ ಕುಬೇರನ ಸಾಲು ಸೊಟ್ಟ ಆಗ್ತಾವು" ಎಂದು ಹದಿನೈದು ವರ್ಷಗಳಿಂದ ಎಲ್ಲರೆದುರು ಆಡಿಕೊಳ್ಳುತ್ತಿದ್ದ. ನೆಲದ ಮೇಲೆ ನಿಂತು ತೀರ್ಮಾನವಾಗುವ ಮಾತಲ್ಲ ಅದು. ಕುಬೇರಪ್ಪನಿಗೆ ಅರವತ್ತೆಂಟಾಗಿತ್ತು. ಸೊಟ್ಟ ಸಾಲಿನವನು ಎನ್ನಿಸಿಕೊಂಡು ಕೂರಿಗೆ ಕೆಳಗಿಡಲು ಅವನು ತಯಾರಿರಲಿಲ್ಲ.

ಹುಬ್ಬಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುವ ಮಗಳು ಶೈಲಶ್ರೀ ದೀಪಾವಳಿ ಸೂಟಿಗೆ ಬರುವಾಗ ಒಂದು ಪುಟ್ಟ ಡ್ರೋನ್ ತಂದಳು. ಹವ್ಯಾಸಕ್ಕೆಂದು ಕೊಂಡದ್ದು, ಕಾಲು ಕಿಲೋ ಕೂಡ ತೂಗುತ್ತಿರಲಿಲ್ಲ. ಮರುದಿನ ಬೆಳಿಗ್ಗೆಯೇ ಕುಬೇರಪ್ಪ ಅವಳನ್ನು ಹೊಲಕ್ಕೆ ಎಳೆದೊಯ್ದ. ಜೋಳ ಗೇಣುದ್ದ ಎದ್ದಿತ್ತು, ಮೇಲಿನಿಂದ ಸಾಲು ನೋಡಲು ಹೇಳಿ ಮಾಡಿಸಿದ ಹೊತ್ತು. ಶೈಲಶ್ರೀ ಮೊದಲು ಮೊಬೈಲಿನಲ್ಲಿ ನಕ್ಷೆ ತೆಗೆದು ನೋಡಿದಳು.

"ಅಪ್ಪಾ, ಇಲ್ಲಿ ಹಾರಸಾಕ ಬರಾಂಗಿಲ್ಲ. ಹುಬ್ಬಳ್ಳಿ ವಿಮಾನ ನಿಲ್ದಾಣದ ಗಡಿಯಿಂದ ಎಂಟು ಕಿಲೋಮೀಟರ್ ತನಕ ನಕ್ಷೆದಾಗ ಹಳದಿ ಬಣ್ಣ. ನಮ್ಮ ಹೊಲ ಅದರಾಗ ಬರ್ತೈತಿ. ಗೇಣು ಮ್ಯಾಲೆ ಎಬ್ಬಿಸಬೇಕಂದ್ರೂ ಅವರ ಪರವಾನಗಿ ಬೇಕು."

ಕುಬೇರಪ್ಪ ಮನೆಗೆ ಹೋಗಿ ಹೊಲದ ಪಹಣಿ ಉತಾರ ತಂದು ಅವಳ ಮುಂದೆ ಹಿಡಿದ. "ಓದು. ಎಂಟು ಎಕರೆ, ಬಾವಿ, ಗಿಡ, ಎಲ್ಲಾ ನನ್ನ ಹೆಸರಿಲೆ ಐತಿ."

"ಆಕಾಶದ ಕಾಲಂ ಎಲ್ಲೈತಿ, ತೋರಿಸು."

ಅವನು ಚಷ್ಮಾ ಏರಿಸಿ ನಿಜವಾಗಿಯೂ ಹುಡುಕಿದ. ಸಿಗಲಿಲ್ಲ. "ಒಂದ್ ಸಲ ಸುಮ್ನ ಏರಿಸಿ ಇಳಿಸು. ಯಾರು ನೋಡ್ತಾರ?"

"ಇಳಿಯೋ ವಿಮಾನದವ್ರಿಗೆ ಇಷ್ಟು ಸಣ್ಣದು ಕಾಣೂದಿಲ್ಲಪಾ. ಅದಕ್ಕ ಈ ರೂಲ್ಸು. ನಾ ಏರ್ಸೂದಿಲ್ಲ."

ಮಗಳ ಹಟ ಯಾರದೆಂದು ಅವನಿಗೆ ಗೊತ್ತಿತ್ತು, ತನ್ನದೇ. "ಮತ್ತ ಹಾರಸಾಕ ಎಲ್ಲಿಂದ ಬಿಟ್ಟಾರ?" ಎಂದು ಕೇಳಿದ.

ಶೈಲಶ್ರೀ ನಗು ತಡೆದುಕೊಂಡಳು. "ಕಾಶಿನಾಥ ಕಾಕಾನ ಹೊಲದಿಂದ ಹಸಿರು. ಅಲ್ಲಿ ಇನ್ನೂರು ಅಡಿ ತನಕ ಹೋಗಬಹುದು. ಆ ಕಡೀ ತುದಿಗೆ ನಿಲ್ಲಿಸಿ ಕ್ಯಾಮೆರಾ ಇತ್ತ ತಿರುಗಿಸಿದ್ರ ನಮ್ಮ ಸಾಲೂ ಕಾಣಸ್ತಾವು."

ಕುಬೇರಪ್ಪ ಪಕ್ಕದ ಹೊಲದತ್ತ ದುರುಗುಟ್ಟಿ ನೋಡಿದ. ಇಡೀ ಆಕಾಶದಲ್ಲಿ ಸರ್ಕಾರಕ್ಕೆ ಗೆರೆ ಎಳೆಯಲು ಬೇರೆ ಜಾಗವೇ ಸಿಗಲಿಲ್ಲವೇ! ಆದರೂ ಹೋಗಿ ಕೇಳಿದ. ಕಾಶಿನಾಥನಿಗಂತೂ ಹಬ್ಬ ಎರಡನೇ ಸಲ ಬಂದಷ್ಟು ಖುಷಿ.

"ಬಾರಪಾ ಬಾ. ನನ್ನ ಹೊಲದಾಗ ನಿಂತು ನಿನ್ನ ಸೊಟ್ಟ ಸಾಲು ಕಣ್ತುಂಬ ನೋಡು."

ಡ್ರೋನ್ ಗುಂಯ್‌ಗುಟ್ಟುತ್ತ ನೂರೆಂಬತ್ತು ಅಡಿ ಏರಿ ನಿಂತಿತು. ಮೂರು ತಲೆಗಳು ಒಂದೇ ಮೊಬೈಲಿನ ಮೇಲೆ ಬಾಗಿದವು. ಕಾಶಿನಾಥ ಬೆರಳಿಟ್ಟ. "ಅಗೋ, ಗಿಡದ ಹತ್ರ. ಸೊಟ್ಟ!"

ನಿಜ, ಅಲ್ಲಿ ಸಾಲುಗಳು ಬಾಗಿದ್ದವು. ಕುಬೇರಪ್ಪನ ಮುಖ ಸಪ್ಪಗಾಯಿತು. ಮೊಬೈಲ್ ಕಸಿದುಕೊಂಡು ಮತ್ತೆ ಮತ್ತೆ ನೋಡಿದ. ಆಗ ಕಾಣಿಸಿತು, ಕಾಶಿನಾಥನ ಸಾಲುಗಳೂ ಅಲ್ಲೇ, ಅಷ್ಟೇ ಬಾಗಿದ್ದವು. ಮೊದಲ ಸಾಲು ಬದು ಹಿಡಿದು ಹೋದರೆ ಉಳಿದವೆಲ್ಲ ಅದರ ಬೆನ್ನು ಹಿಡಿಯುತ್ತವೆ. ಬಾಗಿದ್ದದ್ದು ಎರಡೂ ಹೊಲಗಳ ನಡುವಿನ ಬದು. ಅದು ಕಾಶಿನಾಥನ ಹೊಲದೊಳಗೆ ಮೂರು ಮಾರು ಸರಿದಿತ್ತು. ಆ ಬದು ಕಟ್ಟಿದವನು ಕುಬೇರಪ್ಪನ ಅಪ್ಪ. ಯಾಕೆ ಸರಿಯಿತೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಾಶಿನಾಥ ಇನ್ನೂ ನಗುತ್ತಲೇ ಇದ್ದ, ಅವನಿಗೆ ಏನೂ ಹೊಳೆದಿರಲಿಲ್ಲ. ಶೈಲಶ್ರೀಗೆ ಹೊಳೆದಿತ್ತು. ಅವಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಸಾಲು ಸೊಟ್ಟ ಎಂದು ಒಪ್ಪಿಕೊಂಡರೆ ಒತ್ತಿದ ನೆಲ ಅಪ್ಪನಿಗೇ ಉಳಿಯುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

"ಸಾಲು ಸೊಟ್ಟಿಲ್ಲಲೇ ಕಾಶಿ," ಎಂದ ಕುಬೇರಪ್ಪ, ಎದೆ ಸೆಟೆಸಿ. "ಬದು ಸೊಟ್ಟ ಐತಿ. ನಮ್ಮಪ್ಪ ನಿನ್ನ ಹೊಲದಾಗ ಒತ್ತಿ ಕಟ್ಟ್ಯಾನ. ಬದು ಹೆಂಗೈತ್ಯೋ ಹಂಗ ನಾ ಬಿತ್ತೀನಿ."

ಕಾಶಿನಾಥನ ನಗು ಅರ್ಧಕ್ಕೇ ನಿಂತಿತು. ಚಿತ್ರ ನೋಡಿದ, ಬದು ನೋಡಿದ. "ಬಿಡೋ ಕುಬೇರಾ, ನಾ ಬರೇ ಚ್ಯಾಷ್ಟಿಗೆ ಅಂದಿದ್ದೆ."

"ಜೋಳ ಕೊಯ್ದ ಮ್ಯಾಲೆ ಬದು ಒಡದು ಸೀದಾ ಹಾಕೂಣು. ನಿನ್ನ ಜಾಗಾ ನೀ ತಗೋ," ಎಂದ ಕುಬೇರಪ್ಪ. "ನನ್ನ ಸಾಲಿಗೆ ಮಾತ್ರ ಹೆಸರಿಡಬ್ಯಾಡ."